ಜೊತೆಯಾಗಿ ವಿದೇಶ ಪ್ರವಾಸ: ಮೊದಲು ಲೆಕ್ಕ, ಆಮೇಲೆ ಟಿಕೆಟ್

ವಿದೇಶ ಪ್ರವಾಸದ ಯೋಚನೆ ಬಹುಮಟ್ಟಿಗೆ ಹರಟೆಯ ನಡುವೆ ಹುಟ್ಟುತ್ತದೆ. ಕಾಲೇಜು ದಿನಗಳ ಗೆಳತಿಯರಿಬ್ಬರು ಯಾವುದೋ ಮದುವೆ ಮನೆಯಲ್ಲಿ ಭೇಟಿಯಾಗುತ್ತಾರೆ. ಮಕ್ಕಳು ದೊಡ್ಡವರಾದರು, ಮನೆಯ ಸಾಲವೂ ತೀರುತ್ತ ಬಂತು, ಇನ್ನಾದರೂ ಒಮ್ಮೆ ಯುರೋಪ್ ನೋಡಿ ಬರೋಣ ಎಂದು ಒಬ್ಬರು ಹೇಳುತ್ತಾರೆ. ಇನ್ನೊಬ್ಬರು ಆಗಲಿ ಎನ್ನುತ್ತಾರೆ. ಅಲ್ಲಿಂದ ಮುಂದೆ ಊರುಗಳ ಪಟ್ಟಿ ಬೆಳೆಯುತ್ತದೆ, ತೆಗೆಯಬೇಕಾದ ಚಿತ್ರಗಳ ಪಟ್ಟಿಯೂ ಬೆಳೆಯುತ್ತದೆ. ಹಣದ ಮಾತು ಮಾತ್ರ ಸಂಕೋಚದಿಂದ ಹಿಂದೆ ಉಳಿಯುತ್ತದೆ.

ತೊಡಕು ಆರಂಭವಾಗುವುದೇ ಇಲ್ಲಿ. ಕುಟುಂಬದ ಪ್ರವಾಸದಲ್ಲಿ ಖರ್ಚು ಒಂದೇ ಗಂಟಿನಿಂದ ಹೋಗುತ್ತದೆ. ಗೆಳೆಯರ ಪ್ರವಾಸದಲ್ಲಿ ಗಂಟು ಎರಡು, ಅವುಗಳ ತೂಕವೂ ಬೇರೆ ಬೇರೆ. ಇಬ್ಬರ ಆದಾಯ, ಊಟದ ರೂಢಿ, ನಡೆಯುವ ಶಕ್ತಿ, ಕೊಳ್ಳುವ ಆಸೆ ಯಾವುದೂ ಒಂದೇ ಆಗಿರುವುದಿಲ್ಲ. ಮೂವತ್ತು ವರ್ಷ ಬಾಳಿದ ಸ್ನೇಹ ಹನ್ನೆರಡು ದಿನಗಳ ಪ್ರವಾಸದಲ್ಲಿ ಮುನಿಸಿಗೆ ತಿರುಗುವುದು ಅಪರೂಪವೇನಲ್ಲ. ಕಾರಣ ಹುಡುಕಿದರೆ ಅಲ್ಲಿ ಸಾಮಾನ್ಯವಾಗಿ ಸಿಗುವುದು ಯಾರೂ ಬರೆದಿಡದ ಒಂದು ಲೆಕ್ಕ.

ಸಣ್ಣ ಗಂಟೇ ಅಳತೆಗೋಲು

ಒಂದು ಕಾಲ್ಪನಿಕ ಉದಾಹರಣೆಯ ಮೂಲಕ ಇದನ್ನು ನೋಡಬಹುದು. ಒಬ್ಬರು ದಾವಣಗೆರೆಯ ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕಿ, ಇನ್ನೊಬ್ಬರು ಬೆಂಗಳೂರಿನಲ್ಲಿ ಬ್ಯಾಂಕ್ ಉದ್ಯೋಗಿ. ಬ್ಯಾಂಕ್ ಉದ್ಯೋಗಿಗೆ ತಿಂಗಳಿಗೆ 25,000 ರೂ. ಎತ್ತಿಡುವುದು ಕಷ್ಟವಲ್ಲ. ಉಪನ್ಯಾಸಕಿಗೆ 15,000 ರೂ. ಉಳಿಸಿದರೇ ಹೆಚ್ಚು. ತಲಾ 2.75 ಲಕ್ಷ ರೂ. ಬೇಕಾಗುವ ಪ್ರವಾಸಕ್ಕೆ ಮೊದಲನೆಯವರು 11 ತಿಂಗಳಲ್ಲಿ ಸಿದ್ಧರಾಗುತ್ತಾರೆ. ಎರಡನೆಯವರಿಗೆ 19 ತಿಂಗಳು ಬೇಕು.

ಈ ಎಂಟು ತಿಂಗಳ ಅಂತರವನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿಕೊಂಡರೆ ದಾರಿಗಳಿವೆ. ಪ್ರವಾಸವನ್ನು ಮುಂದೂಡಬಹುದು, ದಿನಗಳನ್ನು ಕಡಿಮೆ ಮಾಡಬಹುದು, ಖರ್ಚು ಕಡಿಮೆ ಇರುವ ದೇಶವನ್ನು ಆರಿಸಿಕೊಳ್ಳಬಹುದು. ಹೇಳಿಕೊಳ್ಳದಿದ್ದರೆ ಒಂದೇ ದಾರಿ ಉಳಿಯುತ್ತದೆ: ಕಡಿಮೆ ಹಣವಿರುವವರು ಸಾಲ ಮಾಡುತ್ತಾರೆ. ಅಥವಾ ಪರದೇಶದ ಹೋಟೆಲಿನಲ್ಲಿ ಕುಳಿತು ಪ್ರತಿ ಊಟದ ದರಪಟ್ಟಿ ನೋಡಿ ಒಳಗೊಳಗೇ ಕುಗ್ಗುತ್ತಾರೆ. ಆದ್ದರಿಂದ ಜೊತೆ ಪ್ರವಾಸದ ಮೊದಲ ನಿಯಮ, ಇಬ್ಬರಲ್ಲಿ ಸಣ್ಣ ಗಂಟು ಯಾರದೋ ಅವರ ಮಿತಿಯೇ ಪ್ರವಾಸದ ಮಿತಿ ಎಂಬುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಇಬ್ಬರಿಗೂ ಹಾಸಿದ ಒಂದೇ ಹಾಸಿಗೆಗೆ ಅನ್ವಯಿಸುತ್ತದೆ.

ಉಳಿತಾಯಕ್ಕೆ ಇಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಬ್ಯಾಂಕಿನ ಆರ್.ಡಿ. ಖಾತೆ ತೆರೆಯುವುದು ಸರಳ ಉಪಾಯ. ಹಣವನ್ನು ಒಬ್ಬರ ಖಾತೆಯಲ್ಲಿ ಕೂಡಿಡುವುದು ಬೇಡ. ವೀಸಾ ಅರ್ಜಿಯ ಜೊತೆ ಪ್ರತಿಯೊಬ್ಬರೂ ತಮ್ಮ ಬ್ಯಾಂಕ್ ಖಾತೆಯ ವಿವರವನ್ನು ಕೊಡಬೇಕಾಗುತ್ತದೆ. ಅರ್ಜಿಗೆ ಒಂದು ವಾರ ಮುನ್ನ ಖಾತೆಗೆ ದಿಢೀರನೆ ಬಂದು ಬಿದ್ದ ದೊಡ್ಡ ಮೊತ್ತಕ್ಕಿಂತ, ತಿಂಗಳು ತಿಂಗಳೂ ಬೆಳೆದ ಉಳಿತಾಯ ಹೆಚ್ಚು ವಿಶ್ವಾಸ ಮೂಡಿಸುತ್ತದೆ.

ಹನ್ನೊಂದು ರಾತ್ರಿಗಳ ಲೆಕ್ಕ

2.75 ಲಕ್ಷ ರೂ. ಎಂಬ ಮೊತ್ತ ಬಂದದ್ದು ಹೇಗೆ? ಪ್ಯಾರಿಸ್‌ನಲ್ಲಿ 3 ರಾತ್ರಿ, ಸ್ವಿಟ್ಜರ್ಲೆಂಡಿನಲ್ಲಿ 3 ರಾತ್ರಿ, ಇಟಲಿಯ ವೆನಿಸ್ ಮತ್ತು ರೋಮ್‌ಗಳಲ್ಲಿ 5 ರಾತ್ರಿ ಎಂದು ಯೋಜನೆ ಇದೆ ಎಂದು ಭಾವಿಸಬಹುದು. ಬೆಂಗಳೂರಿನಿಂದ ಪ್ಯಾರಿಸ್‌ಗೆ ಹೋಗಿ ರೋಮ್‌ನಿಂದ ಹಿಂದಿರುಗಿದರೆ, ವಿಮಾನ ಹತ್ತಲು ಮತ್ತೆ ಪ್ಯಾರಿಸ್‌ಗೆ ಓಡುವ ಖರ್ಚು ಉಳಿಯುತ್ತದೆ. ಒಂದು ಯೂರೋಗೆ 105 ರೂ. ಎಂದು ಹಿಡಿದರೆ ತಲಾ ಅಂದಾಜು ಹೀಗಾಗುತ್ತದೆ.

ವಿಮಾನ ಟಿಕೆಟ್‌ಗೆ 65,000 ರೂ., ವೀಸಾ ಶುಲ್ಕ ಮತ್ತು ಅರ್ಜಿ ಕೇಂದ್ರದ ಶುಲ್ಕಕ್ಕೆ 12,000 ರೂ., ವಿಮೆಗೆ 2,000 ರೂ. ಇವು ಹೊರಡುವ ಮುನ್ನವೇ ರೂಪಾಯಿಯಲ್ಲಿ ಕೊಡುವ ಹಣ. ಒಟ್ಟು 79,000 ರೂ. ಉಳಿದದ್ದೆಲ್ಲ ಯೂರೋ ಲೆಕ್ಕ. ಊರಿಂದೂರಿಗೆ ರೈಲು 180, ವಸತಿಯ ಅರ್ಧ ಪಾಲು 715, ಹನ್ನೆರಡು ದಿನಗಳ ಊಟ ದಿನಕ್ಕೆ 30ರಂತೆ 360, ಸ್ಥಳೀಯ ಓಡಾಟ 200, ಪ್ರವೇಶ ಶುಲ್ಕಗಳು 110, ಮೊಬೈಲ್ ಸಿಮ್ ಮತ್ತು ನಗರ ತೆರಿಗೆಯಂಥ ಇತರೆ ಖರ್ಚು 60. ಒಟ್ಟು 1,625 ಯೂರೋ, ಅಂದರೆ 1,70,625 ರೂ. ಎರಡನ್ನೂ ಕೂಡಿಸಿದರೆ 2,49,625 ರೂ. ಇದರ ಮೇಲೆ ಶೇ. 10ರಷ್ಟನ್ನು ಆಪದ್ಧನವಾಗಿ ಸೇರಿಸಿದರೆ ಸುಮಾರು 2.75 ಲಕ್ಷ ರೂ.

ಇವು ಅಂದಾಜು ಮೊತ್ತಗಳೇ ಹೊರತು ನಿಗದಿತ ದರಗಳಲ್ಲ. ಋತು, ಮುಂಗಡ ಕಾಯ್ದಿರಿಸುವಿಕೆ ಮತ್ತು ವಿನಿಮಯ ದರಕ್ಕೆ ತಕ್ಕಂತೆ ಬದಲಾಗುತ್ತವೆ. ಗಮನಿಸಬೇಕಾದುದು ಲೆಕ್ಕದ ವಿಧಾನವನ್ನು. ಯೂರೋ ಬೆಲೆ ಐದು ರೂಪಾಯಿ ಏರಿದರೆ 1,625 ಯೂರೋಗಳ ಮೇಲೆ ತಲಾ 8,125 ರೂ. ಹೆಚ್ಚುತ್ತದೆ. ಆಪದ್ಧನದ ಮೂರನೇ ಒಂದು ಭಾಗ ಅಷ್ಟಕ್ಕೇ ಕರಗುತ್ತದೆ. ಆದುದರಿಂದ ವಿನಿಮಯ ದರ ಅನುಕೂಲವಾಗಿದ್ದಾಗ ರೈಲು, ವಸತಿಗಳ ಹಣವನ್ನು ಹಂತಹಂತವಾಗಿ ಕೊಟ್ಟು ಮುಗಿಸುವುದು ಜಾಣತನ.

ಪ್ರವೇಶ ಶುಲ್ಕಗಳನ್ನೂ ಹಗುರವಾಗಿ ಕಾಣುವಂತಿಲ್ಲ. ಪ್ಯಾರಿಸ್‌ನ ಲೂವ್ರ್ ವಸ್ತು ಸಂಗ್ರಹಾಲಯವು 2026ರ ಜನವರಿ 14ರಿಂದ ಯುರೋಪಿನ ಹೊರಗಿನ ಪ್ರವಾಸಿಗರಿಗೆ ಟಿಕೆಟ್ ದರವನ್ನು 22ರಿಂದ 32 ಯೂರೋಗೆ ಏರಿಸಿದೆ. ಮಂಗಳವಾರ ಅದಕ್ಕೆ ರಜೆ. ಇಟಲಿಯ ಸರ್ಕಾರಿ ವಸ್ತು ಸಂಗ್ರಹಾಲಯಗಳು ಮತ್ತು ರೋಮ್‌ನ ಕೊಲೋಸಿಯಂ ಪ್ರತಿ ತಿಂಗಳ ಮೊದಲ ಭಾನುವಾರ ಉಚಿತ. ಅಂದು ಜನಸಂದಣಿಯೂ ಹೆಚ್ಚು. ವೆನಿಸ್ ನಗರವು 2024ರ ಏಪ್ರಿಲ್‌ನಿಂದ ನಿಗದಿತ ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ ಪ್ರವೇಶ ಶುಲ್ಕ ವಸೂಲು ಮಾಡಲು ಆರಂಭಿಸಿತು. ಅಲ್ಲಿಯೇ ತಂಗುವವರಿಗೆ ಈ ಶುಲ್ಕದಿಂದ ವಿನಾಯಿತಿ ನೀಡಲಾಯಿತು.

ಕೆಲವು ಖರ್ಚುಗಳನ್ನು ಸಾಮಾನ್ಯ ಪಟ್ಟಿಯಿಂದ ಹೊರಗಿಟ್ಟು ‘ಐಚ್ಛಿಕ’ ಎಂದು ಬರೆಯಬೇಕು. ಸ್ವಿಟ್ಜರ್ಲೆಂಡಿನಲ್ಲಿ 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್‌ಗೆ ಏರುವ ರೈಲಿನ ಟಿಕೆಟ್, ರಿಯಾಯಿತಿ ಇಲ್ಲದೆ ಇನ್ನೂರು ಸ್ವಿಸ್ ಫ್ರಾಂಕ್ ಆಸುಪಾಸು ಅಥವಾ ಅದಕ್ಕೂ ಮಿಗಿಲಾಗುತ್ತದೆ. ಒಬ್ಬರಿಗೆ ಅದು ಜೀವಮಾನದ ಆಸೆಯಾಗಿರಬಹುದು, ಇನ್ನೊಬ್ಬರಿಗೆ ಬರೀ ಹಿಮ. ಬೇಕಾದವರು ಹೋಗಲಿ, ಬೇಡದವರು ಅಂದು ಸರೋವರದ ದಂಡೆಯಲ್ಲಿ ಅಡ್ಡಾಡಲಿ ಎಂದು ಮೊದಲೇ ಒಪ್ಪಿಕೊಂಡಿದ್ದರೆ ಆ ದಿನ ಇಬ್ಬರಿಗೂ ಹಿತವಾಗಿರುತ್ತದೆ.

ಜೊತೆ ತಪ್ಪಿದರೆ

ಜೊತೆ ಪ್ರವಾಸದಲ್ಲಿ ಹಣ ಉಳಿಯುವುದು ಮುಖ್ಯವಾಗಿ ವಸತಿಯಲ್ಲಿ. ಮೇಲಿನ ಲೆಕ್ಕದಲ್ಲಿ ಇಬ್ಬರ ಕೋಣೆಗೆ ರಾತ್ರಿಗೆ ಸರಾಸರಿ 130 ಯೂರೋ, 11 ರಾತ್ರಿಗೆ 1,430 ಯೂರೋ. ಅರ್ಧ ಪಾಲು 715. ಒಬ್ಬರೇ ಹೋಗಿ 100 ಯೂರೋದ ಕೋಣೆ ಹಿಡಿದಿದ್ದರೆ 1,100 ಯೂರೋ ಆಗುತ್ತಿತ್ತು. ಅಂದರೆ ಜೊತೆ ಇದ್ದುದರಿಂದ ಉಳಿದದ್ದು 385 ಯೂರೋ, ಸುಮಾರು 40,000 ರೂ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಅಪಾಯ ಕಾಣಿಸುತ್ತದೆ. ಹಣ ಮರಳದ ಷರತ್ತಿನ ಮೇಲೆ ಕೋಣೆಗಳನ್ನು ಕಾಯ್ದಿರಿಸಿದ ಮೇಲೆ ಒಬ್ಬರು ಹಿಂದೆ ಸರಿದರೆ, ಹೊರಟು ನಿಂತ ಇನ್ನೊಬ್ಬರು ಪೂರ್ತಿ 1,430 ಯೂರೋ ಹೊರಬೇಕು. ಅವರ ಮೇಲೆ ಬೀಳುವ ಹೆಚ್ಚುವರಿ ಹೊರೆ 75,075 ರೂ. ಹಿಂದೆ ಸರಿಯಲು ಕಾರಣ ತಾಯಿಯ ಅನಾರೋಗ್ಯವಾಗಿರಬಹುದು, ಸಿಗದ ರಜೆಯಾಗಿರಬಹುದು, ನಿರಾಕರಣೆಯಾದ ವೀಸಾ ಆಗಿರಬಹುದು. ಯಾರದೂ ತಪ್ಪಿಲ್ಲದ ಸಂದರ್ಭದಲ್ಲಿಯೂ ಹಣ ಮಾತ್ರ ಹೋಗಿಯೇ ಹೋಗುತ್ತದೆ. ಆಗ ಆ ಹಣವನ್ನು ಕೇಳುವುದು ಹೇಗೆ ಎಂದು ಒಬ್ಬರು ನೋಯುತ್ತಾರೆ, ಕೇಳಿಯೇ ಬಿಟ್ಟರಲ್ಲ ಎಂದು ಇನ್ನೊಬ್ಬರು ನೋಯುತ್ತಾರೆ.

ಇದಕ್ಕೆ ಎರಡು ಪರಿಹಾರಗಳಿವೆ. ಇಬ್ಬರ ವೀಸಾ ಕೈಗೆ ಬರುವವರೆಗೆ, ಸ್ವಲ್ಪ ದುಬಾರಿಯಾದರೂ ಸರಿ, ರದ್ದು ಮಾಡಿದರೆ ಹಣ ಮರಳುವ ಕೋಣೆಗಳನ್ನೇ ಕಾಯ್ದಿರಿಸುವುದು ಮೊದಲನೆಯದು. ಹಿಂದೆ ಸರಿದವರು ತಮ್ಮ ಪಾಲಿನ ಮರಳದ ಹಣವನ್ನು ತಾವೇ ಹೊರಬೇಕೆಂದು ಮುಂಚಿತವಾಗಿ ಒಪ್ಪಿಕೊಳ್ಳುವುದು ಎರಡನೆಯದು. ನಾಲ್ಕು ಸಾಲಿನಲ್ಲಿ ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಂಡರೆ ಸಾಕು. ಸ್ನೇಹದಲ್ಲಿ ಬರಹವೇಕೆ ಎಂಬ ಮಾತು ಕೇಳಿಬರುವುದು ಸಹಜ. ಆದರೆ ಬರೆದಿಟ್ಟ ಮೇಲೆ ಕಷ್ಟದ ಹೊತ್ತಿನಲ್ಲಿ ಯಾರೂ ಯಾರನ್ನೂ ಕೇಳಬೇಕಾದ ಪ್ರಸಂಗ ಬರುವುದಿಲ್ಲ.

ಪಾಸ್‌ಪೋರ್ಟ್ ಮತ್ತು ಹೆಸರಿನ ತೊಡಕು

ಮುಂದಿನ ಹೆಜ್ಜೆ ಪಾಸ್‌ಪೋರ್ಟ್. ವಯಸ್ಕರಿಗೆ ಹತ್ತು ವರ್ಷ ಅವಧಿಯ 36 ಪುಟಗಳ ಪಾಸ್‌ಪೋರ್ಟ್‌ಗೆ ಸಾಮಾನ್ಯ ಶುಲ್ಕ 1,500 ರೂ.; ತತ್ಕಾಲ್‌ನಲ್ಲಿ ಪಡೆಯಲು ಇನ್ನೂ 2,000 ರೂ. ಹಿಂದೆ ಇದಕ್ಕಾಗಿ ದೂರದ ಊರಿಗೆ ಹೋಗಬೇಕಾಗಿತ್ತು. ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ, ದೇಶದಲ್ಲಿ ಮೊದಲಿಗೆ ಆಯ್ಕೆಯಾದ ಎರಡು ಊರುಗಳಲ್ಲಿ ಮೈಸೂರು ಒಂದು.

ಕರ್ನಾಟಕದವರಿಗೆ ವಿಶೇಷವಾಗಿ ಎದುರಾಗುವ ತೊಡಕು ಹೆಸರಿನದು. ಊರಿನ ಮತ್ತು ತಂದೆಯ ಹೆಸರಿನ ಮೊದಲ ಅಕ್ಷರಗಳನ್ನು ಇನಿಷಿಯಲ್ ಆಗಿ ಬಳಸುವುದು ನಮ್ಮಲ್ಲಿ ರೂಢಿ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಬೇಕಾಗುತ್ತದೆ. ಕುಟುಂಬದ ಹೆಸರಿನ ಅಂಕಣವನ್ನು ಖಾಲಿ ಬಿಟ್ಟವರಿಗೆ ಕೆಲವು ದೇಶಗಳಲ್ಲಿ ತೊಂದರೆಯಾಗಿದೆ. ಒಂದೇ ಪದದ ಹೆಸರಿರುವ ಪಾಸ್‌ಪೋರ್ಟ್ ಹೊಂದಿದವರಿಗೆ ಪ್ರವಾಸಿ ವೀಸಾ ಮೇಲೆ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರ್‌ನಲ್ಲಿ ಪ್ರಕಟಿಸಿದ್ದು ಇದಕ್ಕೆ ನಿದರ್ಶನ. ಒಬ್ಬರೇ ಇಬ್ಬರ ಟಿಕೆಟ್ ಕೊಳ್ಳುವಾಗ ಗೆಳತಿಯನ್ನು ಕರೆಯುವ ಹೆಸರನ್ನಲ್ಲ, ಅವರ ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನು ಅಕ್ಷರಶಃ ತುಂಬಬೇಕು. ಟಿಕೆಟ್ ಕೊಂಡ ನಂತರ ಹೆಸರು ತಿದ್ದಲು ಶುಲ್ಕ ಬೀಳಬಹುದು. ಕೆಲವೊಮ್ಮೆ ಹೊಸ ಟಿಕೆಟನ್ನೇ ಕೊಳ್ಳಬೇಕಾದೀತು. ಸರ್ಕಾರಿ ನೌಕರರಾಗಿದ್ದರೆ ವಿದೇಶ ಪ್ರಯಾಣಕ್ಕೆ ಇಲಾಖೆಯ ಪೂರ್ವಾನುಮತಿಯನ್ನೂ ಪಡೆಯಬೇಕು.

ಜೊತೆಯಾಗಿ ಹೋದರೂ ವೀಸಾ ಬೇರೆ ಬೇರೆ

ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ಮೂರೂ ಷೆಂಗೆನ್ ಒಕ್ಕೂಟದ ದೇಶಗಳು. ಬಲ್ಗೇರಿಯಾ ಮತ್ತು ರುಮೇನಿಯಾಗಳು 2025ರ ಜನವರಿ 1ರಂದು ಪೂರ್ಣವಾಗಿ ಸೇರಿದ ಮೇಲೆ ಈ ಒಕ್ಕೂಟದಲ್ಲಿ 29 ದೇಶಗಳಾಗಿವೆ. ಒಂದು ವೀಸಾದಲ್ಲಿ ಎಲ್ಲೆಡೆ ಸಂಚರಿಸಬಹುದು. ಅರ್ಜಿಯನ್ನು ಯಾವ ದೇಶಕ್ಕೆ ಸಲ್ಲಿಸಬೇಕೆಂಬುದಕ್ಕೆ ನಿಯಮವಿದೆ: ಹೆಚ್ಚು ದಿನ ತಂಗುವ ದೇಶಕ್ಕೆ, ದಿನಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಮೇಲಿನ ಉದಾಹರಣೆಯಲ್ಲಿ ವಿಮಾನ ಇಳಿಯುವುದು ಪ್ಯಾರಿಸ್‌ನಲ್ಲಾದರೂ, ಐದು ರಾತ್ರಿ ಇಟಲಿಯಲ್ಲಿ ಇರುವುದರಿಂದ ಇಟಲಿಗೇ ಅರ್ಜಿ ಹಾಕಬೇಕು. ಇನ್ನೊಂದು ದೇಶದ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆಂದು ಅಲ್ಲಿಗೆ ಅರ್ಜಿ ಹಾಕಿ, ಅದಕ್ಕೆ ತಕ್ಕಂತೆ ಪ್ರವಾಸದ ವಿವರವನ್ನು ತಿರುಚುವುದು ನಿರಾಕರಣೆಗೆ ದಾರಿ.

ವಯಸ್ಕರ ವೀಸಾ ಶುಲ್ಕ 2024ರ ಜೂನ್ 11ರಿಂದ 90 ಯೂರೋ ಆಗಿದೆ. ವೀಸಾ ಸಿಗದಿದ್ದರೂ ಅದು ಮರಳುವುದಿಲ್ಲ. ಪ್ರಯಾಣಕ್ಕೆ ಆರು ತಿಂಗಳ ಮುನ್ನವೇ ಅರ್ಜಿ ಹಾಕಬಹುದು. ಕೊನೆಯ ಪಕ್ಷ 15 ದಿನ ಮುನ್ನ ಹಾಕಿರಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವು ಪ್ರಕರಣಗಳಲ್ಲಿ 45 ದಿನಗಳವರೆಗೆ ಹಿಡಿಯುತ್ತದೆ. ಬೇಸಿಗೆ ರಜೆಯ ಪ್ರಯಾಣಕ್ಕೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾಗುವುದರಿಂದ ನಾಲ್ಕೈದು ತಿಂಗಳ ಮುಂಚೆಯೇ ಸಿದ್ಧತೆ ನಡೆಸುವುದು ಒಳಿತು. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳೊಳಗೆ ನೀಡಿದ್ದಾಗಿರಬೇಕು, ಷೆಂಗೆನ್ ಪ್ರದೇಶ ಬಿಡುವ ದಿನದಿಂದ ಕನಿಷ್ಠ ಮೂರು ತಿಂಗಳು ಊರ್ಜಿತವಾಗಿರಬೇಕು, ಅದರಲ್ಲಿ ಎರಡು ಖಾಲಿ ಪುಟಗಳಿರಬೇಕು.

ಇಬ್ಬರೂ ಒಂದೇ ದಿನ ಅರ್ಜಿ ಸಲ್ಲಿಸಿದರೂ ತೀರ್ಮಾನ ಪ್ರತ್ಯೇಕ. ಒಬ್ಬರಿಗೆ ಸಿಕ್ಕು ಇನ್ನೊಬ್ಬರಿಗೆ ಸಿಗದೆ ಇರಬಹುದು. ಆದ ಕಾರಣ ರಜೆಯ ಪತ್ರ, ಆದಾಯ ತೆರಿಗೆ ವಿವರ, ಬ್ಯಾಂಕ್ ವಿವರಗಳು ಇಬ್ಬರದೂ ತಮ್ಮ ಮಟ್ಟಿಗೆ ಸಂಪೂರ್ಣವಾಗಿರಬೇಕು. ಹೋಟೆಲಿನ ದೃಢೀಕರಣ ಪತ್ರದಲ್ಲಿ ಇಬ್ಬರ ಹೆಸರೂ ಇರಬೇಕು. ಕಾಯ್ದಿರಿಸಿದವರ ಹೆಸರು ಮಾತ್ರ ಇದ್ದರೆ, ಇನ್ನೊಬ್ಬರಿಗೆ ತಂಗಲು ಸ್ಥಳವೇ ಇಲ್ಲವೆಂಬ ಅರ್ಥ ಬರುತ್ತದೆ. ಒಬ್ಬರು ಇನ್ನೊಬ್ಬರ ಖರ್ಚನ್ನು ವಹಿಸುವುದಾದರೆ ಅದನ್ನು ಪತ್ರ ಮುಖೇನ ತಿಳಿಸಬೇಕು. ನಿರಾಕರಣೆಯಾದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಲಾಗುತ್ತದೆ, ಮೇಲ್ಮನವಿಗೆ ಅವಕಾಶವಿದೆ.

ಹಣ ಒಯ್ಯುವ ಬಗೆ

ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬ ನಿವಾಸಿ ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ವಿದೇಶಿ ವಿನಿಮಯ ಪಡೆಯಬಹುದು. ಸಾಮಾನ್ಯ ಪ್ರವಾಸಿಗೆ ಈ ಮಿತಿ ಅಡ್ಡಬರುವುದಿಲ್ಲ. ತಿಳಿದಿರಬೇಕಾದ ಸಣ್ಣ ಮಿತಿಗಳು ಬೇರೆ ಇವೆ. ಬಹುತೇಕ ದೇಶಗಳಿಗೆ ಹೋಗುವಾಗ ವಿದೇಶಿ ನೋಟುಗಳ ರೂಪದಲ್ಲಿ 3,000 ಡಾಲರ್ ಮೌಲ್ಯದಷ್ಟನ್ನು ಮಾತ್ರ ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿರಬೇಕು. 50,000 ರೂ. ಮೀರಿದ ವಿದೇಶಿ ಹಣವನ್ನು ನಗದು ಕೊಟ್ಟು ಕೊಳ್ಳುವಂತಿಲ್ಲ. ಭಾರತದ ನೋಟುಗಳನ್ನು 25,000 ರೂ.ವರೆಗೆ ಜೊತೆಯಲ್ಲಿಟ್ಟುಕೊಳ್ಳಬಹುದು. ಹಿಂದಿರುಗಿದ ಮೇಲೆ ಉಳಿದ ವಿದೇಶಿ ಹಣವನ್ನು 180 ದಿನಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕು. 2,000 ಡಾಲರ್‌ವರೆಗೆ ಮುಂದಿನ ಪ್ರವಾಸಕ್ಕೆಂದು ಇಟ್ಟುಕೊಳ್ಳಲು ಅನುಮತಿ ಇದೆ.

ವಿದೇಶಿ ಹಣವನ್ನು ಕೊಡುವುದು ಪ್ರಯಾಣಿಕರ ಹೆಸರಿಗೆ, ಅವರ ಪಾಸ್‌ಪೋರ್ಟ್ ಮತ್ತು ಪ್ಯಾನ್ ಆಧಾರದ ಮೇಲೆ. ಹಾಗಾಗಿ ಇಬ್ಬರಿಗೂ ಸೇರಿಸಿ ಒಬ್ಬರೇ ಕೊಂಡುಬಿಡುವುದು ಸರಿಯಾದ ಕ್ರಮವಲ್ಲ. ಇಬ್ಬರ ಬಳಿಯೂ ಪ್ರತ್ಯೇಕ ಕಾರ್ಡ್ ಇದ್ದರೆ, ಒಂದು ಕಳೆದುಹೋದರೂ ಪ್ರವಾಸ ನಿಲ್ಲುವುದಿಲ್ಲ.

ಕಾರ್ಡ್ ಬಳಕೆಯಲ್ಲಿ ಎರಡು ಕಡೆ ಹಣ ಸೋರುತ್ತದೆ. ಹಲವು ಕ್ರೆಡಿಟ್ ಕಾರ್ಡ್‌ಗಳು ವಿದೇಶಿ ಖರ್ಚಿನ ಮೇಲೆ ಶೇ. 3.5ರವರೆಗೆ ಶುಲ್ಕ ವಿಧಿಸುತ್ತವೆ. ಆ ಶುಲ್ಕದ ಮೇಲೆ ಶೇ. 18ರಷ್ಟು ಜಿಎಸ್‌ಟಿ ಸೇರಿ ಹೊರೆ ಶೇ. 4.13 ಆಗುತ್ತದೆ. ಇನ್ನೊಂದು ಅಂಗಡಿಯಲ್ಲಿ ಕಾದಿರುತ್ತದೆ. ಕಾರ್ಡ್ ಯಂತ್ರವು ‘ಯೂರೋದಲ್ಲಿ ಕೊಡುವಿರಾ, ರೂಪಾಯಿಯಲ್ಲಿ ಕೊಡುವಿರಾ’ ಎಂದು ಕೇಳಿದಾಗ, ರೂಪಾಯಿ ನಮ್ಮದಲ್ಲವೇ ಎಂದು ಹಲವರು ಅದನ್ನೇ ಒತ್ತುತ್ತಾರೆ. ಹಾಗೆ ಒತ್ತಿದರೆ ವಿನಿಮಯ ದರವನ್ನು ಅಲ್ಲಿನ ವ್ಯವಸ್ಥೆಯೇ ನಿರ್ಧರಿಸುತ್ತದೆ. ಅದು ಸಾಮಾನ್ಯವಾಗಿ ದುಬಾರಿ. ಎಂದಿಗೂ ಆ ದೇಶದ ಹಣವನ್ನೇ ಆರಿಸಬೇಕು. ಸ್ವಿಟ್ಜರ್ಲೆಂಡ್ ಷೆಂಗೆನ್‌ನಲ್ಲಿದ್ದರೂ ಅಲ್ಲಿನ ಹಣ ಯೂರೋ ಅಲ್ಲ, ಫ್ರಾಂಕ್ ಎಂಬುದೂ ನೆನಪಿರಬೇಕು. 2024ರ ಫೆಬ್ರವರಿಯಲ್ಲಿ ಪ್ಯಾರಿಸ್‌ನ ಐಫೆಲ್ ಗೋಪುರದಲ್ಲಿ ಯುಪಿಐ ಪಾವತಿಗೆ ಚಾಲನೆ ದೊರೆಯಿತಾದರೂ, ಯುರೋಪಿನ ಸಾಮಾನ್ಯ ಅಂಗಡಿಗಳಲ್ಲಿ ಅದನ್ನೇ ನಂಬಿ ಹೊರಡುವಂತಿಲ್ಲ.

ಪ್ಯಾಕೇಜ್ ಮತ್ತು ತೆರಿಗೆ

ಪ್ರವಾಸ ಸಂಸ್ಥೆಯ ಪ್ಯಾಕೇಜ್ ಕೊಂಡರೆ ಮೂಲದಲ್ಲಿ ಸಂಗ್ರಹಿಸುವ ತೆರಿಗೆ, ಅಂದರೆ ಟಿಸಿಎಸ್ ಅನ್ವಯಿಸುತ್ತದೆ. ಮೊದಲು ಇದು 10 ಲಕ್ಷ ರೂ.ವರೆಗೆ ಶೇ. 5, ಅದಕ್ಕೆ ಮೇಲ್ಪಟ್ಟರೆ ಶೇ. 20 ಇತ್ತು. 2026ರ ಫೆಬ್ರವರಿ 1ರ ಕೇಂದ್ರ ಬಜೆಟ್ ಇದನ್ನು ಮೊತ್ತದ ಮಿತಿಯಿಲ್ಲದೆ ಶೇ. 2ಕ್ಕೆ ಇಳಿಸುವುದಾಗಿ ಪ್ರಕಟಿಸಿತು. ವಿಮಾನ ಟಿಕೆಟ್ ಮಾತ್ರ ಅಥವಾ ಹೋಟೆಲ್ ಮಾತ್ರ ಕೊಂಡರೆ ಅದು ಪ್ಯಾಕೇಜ್ ಎನಿಸುವುದಿಲ್ಲ ಎಂದು ತೆರಿಗೆ ಮಂಡಳಿ 2023ರಲ್ಲಿ ಸ್ಪಷ್ಟಪಡಿಸಿದೆ.

ಇಲ್ಲಿ ಗೆಳೆಯರು ಎಡವುವ ಒಂದು ಅಂಶವಿದೆ. ಇಬ್ಬರ ಪ್ಯಾಕೇಜ್ ಹಣ 5 ಲಕ್ಷ ರೂ.ಗಳನ್ನು ಒಬ್ಬರೇ ಪಾವತಿಸಿದರೆ, ಶೇ. 2ರಂತೆ ಕಡಿತವಾದ 10,000 ರೂ. ಅವರ ಪ್ಯಾನ್‌ನಲ್ಲಿ ದಾಖಲಾಗುತ್ತದೆ. ರಿಟರ್ನ್ ಸಲ್ಲಿಸುವಾಗ ಅದನ್ನು ತಮ್ಮ ತೆರಿಗೆಗೆ ಹೊಂದಿಸಿಕೊಳ್ಳುವವರೂ, ಮರಳಿ ಪಡೆಯುವವರೂ ಅವರೇ. ಇನ್ನೊಬ್ಬರು ತಮ್ಮ ಪಾಲಿನ ತೆರಿಗೆಯನ್ನೂ ಸೇರಿಸಿ ಹಣ ಕೊಟ್ಟಿದ್ದರೆ ಅವರಿಗೆ 5,000 ರೂ. ನಷ್ಟ. ಇಬ್ಬರೂ ಬೇರೆ ಬೇರೆ ರಸೀದಿ ಪಡೆದು ತಮ್ಮ ತಮ್ಮ ಖಾತೆಯಿಂದ ಪಾವತಿಸುವುದೇ ನೇರವಾದ ಮಾರ್ಗ.

ದಿನದ ಖರ್ಚಿನ ಹಂಚಿಕೆ

ಖರ್ಚನ್ನು ಮೂರು ಭಾಗ ಮಾಡಿಕೊಳ್ಳುವುದು ಅನುಕೂಲ. ಕೋಣೆ, ಟ್ಯಾಕ್ಸಿ, ಬೆಳಗಿನ ಹಾಲು ಬ್ರೆಡ್ಡು ಜಂಟಿ ಖರ್ಚು. ಸೀರೆ, ಉಡುಗೊರೆ, ಐಚ್ಛಿಕ ಟಿಕೆಟ್ ಅವರವರ ಖರ್ಚು. ಹೋಟೆಲಿನ ಊಟ ಮಾತ್ರ ಎರಡಕ್ಕೂ ನಡುವೆ ಬರುತ್ತದೆ. ಒಬ್ಬರು ಸೂಪು ಕುಡಿದು, ಇನ್ನೊಬ್ಬರು ಪೂರ್ಣ ಊಟ ಮಾಡಿ ಬಿಲ್ಲನ್ನು ಸಮನಾಗಿ ಹಂಚಿದರೆ ಮೊದಲ ದಿನ ನಗು ಬರುತ್ತದೆ, ಐದನೇ ದಿನ ಬರುವುದಿಲ್ಲ. ಊಟದ ಹಣವನ್ನು ತಿಂದಷ್ಟಕ್ಕೆ ಕೊಡುವುದೆಂಬ ಪದ್ಧತಿ ಇಬ್ಬರಿಗೂ ನಿರಾಳ.

ಜಂಟಿ ಖರ್ಚಿಗೆ ದಿನಕ್ಕೆ ತಲಾ 20 ಯೂರೋ ಹಾಕಿ ಒಂದು ಚಿಕ್ಕ ಪರ್ಸನ್ನು ಬೇರೆಯಾಗಿ ಇಟ್ಟುಕೊಳ್ಳಬಹುದು. ದೊಡ್ಡ ಮೊತ್ತಗಳನ್ನು ಯಾರ ಕಾರ್ಡಿನಿಂದ ಕೊಟ್ಟರೆಂದು ಅಂದೇ ರಾತ್ರಿ ಬರೆದಿಡಬೇಕು. ಮೊಬೈಲ್‌ನಲ್ಲಿಯಾಗಲಿ, ನೋಟ್ ಪುಸ್ತಕದಲ್ಲಿಯಾಗಲಿ, ಇಬ್ಬರೂ ನೋಡುವಂತಿದ್ದರೆ ಆಯಿತು.

ಕೊನೆಯಲ್ಲಿ ಜಂಟಿ ಖರ್ಚು 1,000 ಯೂರೋ ಆಗಿದೆ, ಬ್ಯಾಂಕ್ ಉದ್ಯೋಗಿ 620 ಕೊಟ್ಟಿದ್ದಾರೆ, ಉಪನ್ಯಾಸಕಿ 380 ಕೊಟ್ಟಿದ್ದಾರೆ ಎಂದಿಟ್ಟುಕೊಂಡರೆ, ತಲಾ ಪಾಲು 500. ಉಪನ್ಯಾಸಕಿ 120 ಯೂರೋ ಕೊಡಬೇಕು. ರೂಪಾಯಿಯಲ್ಲಿ ಎಷ್ಟು? ಪತ್ರಿಕೆಯಲ್ಲಿ ಬರುವ ದರದಂತೆ 12,600 ರೂ. ಆದರೆ ಬ್ಯಾಂಕ್ ಉದ್ಯೋಗಿಯ ಕಾರ್ಡಿನಿಂದ ಶುಲ್ಕ ಸೇರಿ ಕಡಿತವಾದದ್ದು 13,120 ರೂ. ನಡುವಿನ 520 ರೂ. ದೊಡ್ಡ ಮೊತ್ತವಲ್ಲ. ಆದರೂ ಕಾರ್ಡ್ ವಿವರದಲ್ಲಿ ಬಿದ್ದ ಮೊತ್ತವೇ ಲೆಕ್ಕ ಎಂದು ಮೊದಲೇ ನಿಶ್ಚಯಿಸಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ. ಊರಿಗೆ ಬಂದು, ಕಾರ್ಡ್ ವಿವರ ಕೈಸೇರಿದ ವಾರದಲ್ಲೇ ಲೆಕ್ಕ ಚುಕ್ತಾ ಮಾಡುವುದು ಇಬ್ಬರಿಗೂ ಕ್ಷೇಮ. ತಡವಾದಷ್ಟೂ ಕೊಡಬೇಕಾದವರಿಗೆ ಮರೆವು, ಬರಬೇಕಾದವರಿಗೆ ನೆನಪು ಹೆಚ್ಚುತ್ತದೆ.

ವಿಮೆ, ಆರೋಗ್ಯ, ಊಟ

ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ತುರ್ತು ಚಿಕಿತ್ಸೆ ಮತ್ತು ಸ್ವದೇಶಕ್ಕೆ ಮರಳಿ ಕರೆತರುವ ವೆಚ್ಚ ಅದರಲ್ಲಿ ಸೇರಿರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಮುಚ್ಚಿಟ್ಟು ವಿಮೆ ಪಡೆದರೆ ಪರಿಹಾರ ಕೇಳುವ ಹೊತ್ತಿನಲ್ಲಿ ತೊಡಕಾಗುತ್ತದೆ. ಪ್ರವಾಸ ರದ್ದಾದರೆ ಯಾವ ಕಾರಣಗಳಿಗೆ ಹಣ ಸಿಗುತ್ತದೆ, ಜೊತೆಗಾರರ ಅನಾರೋಗ್ಯ ಅದರಲ್ಲಿ ಸೇರಿದೆಯೇ ಎಂಬುದನ್ನು ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಓದಿ ನೋಡಬೇಕು. ಇಬ್ಬರೂ ಒಬ್ಬರ ಪಾಸ್‌ಪೋರ್ಟ್ ಪ್ರತಿ, ವಿಮೆಯ ವಿವರ, ಔಷಧಿಗಳ ಹೆಸರು ಮತ್ತು ಮನೆಯವರ ದೂರವಾಣಿ ಸಂಖ್ಯೆಯನ್ನು ಇನ್ನೊಬ್ಬರಲ್ಲಿ ಇಟ್ಟಿರಬೇಕು. ಅಪರಿಚಿತ ಊರಿನಲ್ಲಿ ರಾತ್ರಿ ಎರಡು ಗಂಟೆಗೆ ಎದೆ ನೋವು ಬಂದರೆ ವೈದ್ಯರೊಡನೆ ಮಾತನಾಡಬೇಕಾದವರು ಆ ಗೆಳತಿಯೇ.

ಊಟದ ಖರ್ಚು ತಗ್ಗಿಸಲು ಅಡುಗೆ ಸೌಕರ್ಯವಿರುವ ಕೋಣೆ ನೆರವಾಗುತ್ತದೆ. ಅವಲಕ್ಕಿ, ಚಟ್ನಿಪುಡಿ, ಒಣಗಿದ ಉಪ್ಪಿಟ್ಟಿನ ಮಿಶ್ರಣ ಒಯ್ಯಬಹುದು. ಆದರೆ ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ತುಪ್ಪದ ಡಬ್ಬಿ, ಧಾರವಾಡ ಪೇಡ ಮನೆಯಲ್ಲೇ ಉಳಿಯಲಿ.

ಸಣ್ಣ ಗಂಟಿಗೆ ಹತ್ತಿರದ ದೇಶಗಳು

2.75 ಲಕ್ಷ ರೂ. ಎಟುಕದಿದ್ದರೆ ವಿದೇಶವೇ ಬೇಡವೆಂದು ಕೈಬಿಡಬೇಕಿಲ್ಲ. ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೂ ಮತದಾರರ ಗುರುತಿನ ಚೀಟಿ ಸಾಕಾಗುತ್ತದೆ. ಭೂತಾನ್‌ಗೂ ಈ ಎರಡರಲ್ಲಿ ಒಂದು ದಾಖಲೆಯ ಆಧಾರದ ಮೇಲೆ ಪರವಾನಗಿ ಪಡೆಯಬಹುದು. ಅಲ್ಲಿ ಭಾರತೀಯರಿಗೆ ತಲಾ ರಾತ್ರಿಗೆ 1,200 ರೂ. ಸುಸ್ಥಿರ ಅಭಿವೃದ್ಧಿ ಶುಲ್ಕವಿದ್ದು, ಏಳು ರಾತ್ರಿಗೆ 8,400 ರೂ. ಎಂದು ಬಜೆಟ್‌ನಲ್ಲಿ ಸೇರಿಸಿಕೊಳ್ಳಬೇಕು. ಶ್ರೀಲಂಕಾ, ಥಾಯ್ಲೆಂಡ್, ಮಲೇಷ್ಯಾಗಳ ವಿಮಾನ ಪ್ರಯಾಣವೂ ಯುರೋಪಿಗಿಂತ ಬಹಳ ಅಗ್ಗ. ಈ ದೇಶಗಳ ವೀಸಾ ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ಮುನ್ನ ಆಯಾ ದೇಶದ ಅಧಿಕೃತ ಪ್ರಕಟಣೆಯನ್ನು ನೋಡಬೇಕು. ಮೊದಲ ಜೊತೆ ಪ್ರವಾಸಕ್ಕೆ ಐದು ದಿನಗಳ ಹತ್ತಿರದ ದೇಶವನ್ನು ಆರಿಸಿಕೊಂಡರೆ, ಇಬ್ಬರ ನಡಿಗೆಯ ವೇಗ, ನಿದ್ದೆಯ ಹೊತ್ತು, ಖರ್ಚಿನ ಕೈ ಹೇಗೆಂಬುದು ಕಡಿಮೆ ಹಣದಲ್ಲೇ ಪರಸ್ಪರ ತಿಳಿಯುತ್ತದೆ.

ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಹೇಳಿದ್ದಾರೆ. ಗೆಳೆಯರೊಡನೆ ಸುತ್ತುವವರು ಮೂರನೆಯ ಪುಸ್ತಕವೊಂದನ್ನೂ ಜೊತೆಗಿಟ್ಟುಕೊಳ್ಳಬೇಕು, ಅದು ಲೆಕ್ಕದ ಪುಸ್ತಕ. ಉಪನ್ಯಾಸಕಿ ತನಗೆ ಇನ್ನೂ ಎಂಟು ತಿಂಗಳು ಬೇಕೆಂದು ಹೇಳಬೇಕು, ಬ್ಯಾಂಕ್ ಉದ್ಯೋಗಿ ಅದಕ್ಕೆ ಕಾಯಬೇಕು. ಪ್ಯಾರಿಸ್ ಅಷ್ಟು ಹೊತ್ತಿಗೆ ಎಲ್ಲಿಗೂ ಹೋಗುವುದಿಲ್ಲ. ಮರಳಿ ಬಂದ ಮೇಲೆ ಇಬ್ಬರೂ ಒಂದೇ ಸೋಫಾದಲ್ಲಿ ಕುಳಿತು ಆ ಚಿತ್ರಗಳನ್ನು ನೋಡುವಂತಾದರೆ, ಹೊರಡುವ ಮುನ್ನ ಮಾಡಿದ ಲೆಕ್ಕ ಸರಿಯಾಗಿತ್ತು ಎಂದೇ ಅರ್ಥ.